ಪ್ಯಾಲಡಿನ್‌ಗೆ ದೈವದ ಕೃಪೆ: ಅಂಕದ ಲೆಕ್ಕ ಎಲ್ಲಿ ತಪ್ತಾ ಉಂಟು?

ಮುರಕಲ್ಲು

ನಮಸ್ಕಾರ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಕಥೆಯಾಟ) 5ನೇ ಆವೃತ್ತಿ, 2014ರ ನಿಯಮ. ಲೆವೆಲ್ 5, ಆಟಗಾರರು ನಾಲ್ವರು, ಅವರಲ್ಲಿ ಇಬ್ಬರು ಪ್ಯಾಲಡಿನ್. ಕಾಸರಗೋಡಿನಲ್ಲಿ ವಾರಕ್ಕೊಂದು ಮೂರು ಗಂಟೆಯ ಸೆಷನ್, ಒಟ್ಟು 25 ಸೆಷನ್‌ನ ಕ್ಯಾಂಪೇನ್. ಲೋಕ ನಾವೇ ಕಟ್ಟಿದ್ದು: ಎರಡು ಹೊಳೆಗಳ ನಡುವೆ ಒಂದು ಸೀಮೆ, ಮುರಕಲ್ಲಿನ ಪದವು (ಗುಡ್ಡದ ಮೇಲಿನ ಬಯಲು), ಕಂಗಿನ ತೋಟ, ಸಮುದ್ರದ ಬದಿಗೆ ಕೋಟೆ. ಇಲ್ಲಿಯ ಪ್ಯಾಲಡಿನ್ ಆಕಾಶದ ಯಾವುದೋ ದೊಡ್ಡ ದೇವರ ಸೈನಿಕನಲ್ಲ, ಊರಿನ ಒಂದು ದೈವಕ್ಕೆ ಮಾತು ಕೊಟ್ಟು ಕತ್ತಿ ಹಿಡಿದವ.

ದೈವದ ಕೃಪೆಗೆ ನಾವು ಮಾಡಿದ ಈಗಿರುವ ನಿಯಮ: ಕೃಪೆ 0ರಿಂದ 10, ಶುರುವಿಗೆ 5. ಒಳ್ಳೆಯ ಕೆಲಸಕ್ಕೆ +1, ತಪ್ಪಿಗೆ −1, ದೊಡ್ಡ ತಪ್ಪಿಗೆ −3. 1 ಅಂಕ ಕೊಟ್ಟರೆ ಹೊಡೆತಕ್ಕೆ 2ಡಿ6 (ಆರು ಮುಖದ ಎರಡು ದಾಳ) ಹೆಚ್ಚು, 2 ಅಂಕ ಕೊಟ್ಟರೆ 10 ಎಚ್‌ಪಿ (ಜೀವದ ಅಂಕ) ವಾಸಿ. 0 ಆದರೆ ಸ್ಮೈಟ್ (ಹೊಡೆತಕ್ಕೆ ದೈವಬಲ ಸೇರಿಸುವುದು), ಲೇ ಆನ್ ಹ್ಯಾಂಡ್ಸ್ (ಮುಟ್ಟಿ ವಾಸಿ ಮಾಡುವುದು) ಎಲ್ಲ ಬಂದ್. ಪ್ಯಾಲಡಿನ್‌ನ ಮಾಮೂಲಿ ಸ್ಲಾಟ್‌ಗಳು (ದಿನಕ್ಕೆ ಇಷ್ಟೇ ಮಂತ್ರ ಎಂಬ ಲೆಕ್ಕ) ಹಾಗೆಯೇ ಉಂಟು, ಇದು ಅದರ ಮೇಲಿಂದ.

ತೊಂದರೆ ನಾಲ್ಕು. ಒಂದು, ಯಾರೂ ಅಂಕ ಮುಟ್ಟುವುದಿಲ್ಲ, 10 ಮಾಡಿ ಇಟ್ಟುಕೊಂಡು ಕೊನೆಯ ಶತ್ರುವಿನ ಮೇಲೆ ಒಟ್ಟಿಗೆ ಸುರಿಯುತ್ತಾರೆ. ಎರಡು, ಸಿಕ್ಕಿದ ಭಿಕ್ಷುಕರಿಗೆಲ್ಲ ಒಂದೊಂದು ತಾಮ್ರದ ನಾಣ್ಯ ಹಾಕಿ +1 ಕೇಳುತ್ತಾರೆ. ಮೂರು, ಒಮ್ಮೆ 0ಗೆ ಬಿದ್ದವ ಮೇಲೆ ಏಳುವುದಿಲ್ಲ. ನಾಲ್ಕು, ಯಾವುದು ತಪ್ಪು ಎಂಬುದರ ಮೇಲೆ ಅರ್ಧ ಗಂಟೆ ಚರ್ಚೆ. ಅಂಕ ಹೆಚ್ಚು ಕಡಿಮೆ ಮಾಡಿದರೆ ಸರಿಯಾದೀತಾ, ಅಥವಾ ಅಡಿಪಾಯವೇ ಸರಿ ಇಲ್ವಾ?

ಪಯಸ್ವಿನಿ

ಅಡಿಪಾಯವೇ. ನಿಮ್ಮಲ್ಲಿ ಒಂದೇ ಅಂಕ ಎರಡು ಕೆಲಸ ಮಾಡ್ತಾ ಉಂಟು: ದೈವಕ್ಕೆ ಇವನ ಮೇಲೆ ಎಷ್ಟು ನಂಬಿಕೆ ಎಂಬುದೂ ಅದೇ, ಇವತ್ತು ಖರ್ಚಿಗೆ ಎಷ್ಟು ಶಕ್ತಿ ಉಂಟು ಎಂಬುದೂ ಅದೇ. ಹಾಗಾಗಿ ದೈವದ ಹೆಸರಿನಲ್ಲಿ ಹೋರಾಡಿದಷ್ಟೂ ದೈವಕ್ಕೆ ದೂರ ಆಗುತ್ತಾನೆ. ಮೂಲೆಯಲ್ಲಿ ಕೂತು ಏನೂ ಮಾಡದವ ಪರಮಭಕ್ತ! ಆಟಗಾರರು ಅಂಕ ಮುಟ್ಟದೇ ಇರುವುದು ಜಿಪುಣತನ ಅಲ್ಲ, ನಿಯಮ ಹೇಳಿಕೊಟ್ಟ ಬುದ್ಧಿ.

ಎರಡಾಗಿ ಒಡೆಯಿರಿ. ನಿಷ್ಠೆ 0ರಿಂದ 6, ನಿಧಾನಕ್ಕೆ ಏರಿಳಿಯುವುದು, ಖರ್ಚು ಮಾಡುವ ಹಾಗಿಲ್ಲ. ಕೃಪೆ ದಿನದ ಖರ್ಚಿನದ್ದು, ನಿಷ್ಠೆ ಎಷ್ಟೋ ಅಷ್ಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪುನಃ ತುಂಬುತ್ತದೆ, ಉಳಿದದ್ದು ಮರುದಿನಕ್ಕೆ ಕೂಡುವುದಿಲ್ಲ. ಕೂಡಿಡುವ ತೊಂದರೆ ಇಲ್ಲಿಗೆ ಮುಗೀತು.

ಇನ್ನು ಅಂಕಿ. ಲೆವೆಲ್ 5ರ ಪ್ಯಾಲಡಿನ್‌ಗೆ ಮೊದಲ ಹಂತದ ಸ್ಲಾಟ್ 4, ಎರಡನೇ ಹಂತದ್ದು 2. ಎಲ್ಲವನ್ನೂ ಸ್ಮೈಟ್‌ಗೇ ಹಾಕಿದರೆ 2ಡಿ8 ನಾಲ್ಕು ಸಲ, 3ಡಿ8 ಎರಡು ಸಲ: 36 + 27, ದಿನಕ್ಕೆ ಸರಾಸರಿ 63. ಲೇ ಆನ್ ಹ್ಯಾಂಡ್ಸ್ ಲೆವೆಲ್‌ನ ಐದರಷ್ಟು, ಅಂದರೆ 25 ಎಚ್‌ಪಿ. ನಿಮ್ಮ 10 ಅಂಕ ಇದರ ಮೇಲೆ 70 ಏಟನ್ನೋ 50 ವಾಸಿಯನ್ನೋ ಪುಕ್ಕಟೆ ಸೇರಿಸುತ್ತದೆ. ಅದೂ ಒಂದೇ ಹೊಡೆತಕ್ಕೆ ಎಷ್ಟು ಅಂಕ ಹಾಕಬಹುದು ಎಂಬುದಕ್ಕೆ ಮಿತಿ ಬರೆದಿಲ್ಲ. ಟ್ರೋಲ್‌ಗೆ 84 ಎಚ್‌ಪಿ. ಕತ್ತಿಯದ್ದು 1ಡಿ8+4, ಮೇಲಿಂದ 3ಡಿ8 ಸ್ಮೈಟ್, ಮೇಲಿಂದ 20ಡಿ6: ಸರಾಸರಿ 92. ಒಂದೇ ಏಟಿಗೆ ಟ್ರೋಲ್ ಮಲಗಿತು. ಕ್ರಿಟಿಕಲ್ (ಹೊಡೆತದ ದಾಳದಲ್ಲಿ 20) ಬಿದ್ದರೆ ದಾಳಗಳೆಲ್ಲ ಇಮ್ಮಡಿ, ಆಗ ಕೊನೆಯ ಶತ್ರುವಿಗೆ ಬಾಯಿ ತೆರೆಯಲಿಕ್ಕೂ ಸಮಯ ಇಲ್ಲ.

ಕೃಪೆಯಿಂದ ಬರುವುದು ಆ 63ರ ಮೂರನೇ ಒಂದು ಪಾಲಿನ ಆಸುಪಾಸು ಇದ್ದರೆ ಸಾಕು, ಅಂದರೆ 21. 1 ಕೃಪೆಗೆ 1ಡಿ8, ಒಂದು ಸರದಿಗೆ ಒಂದೇ. ನಿಷ್ಠೆ 3ರಲ್ಲಿ ದಿನಕ್ಕೆ 13.5, ನಿಷ್ಠೆ 6ರಲ್ಲಿ 27. ವಾಸಿಗಾದರೆ 1ಕ್ಕೆ 5 ಎಚ್‌ಪಿ. ಸರದಿಗೆ ಒಂದು ಎಂಬ ಮಿತಿ ಮಾತ್ರ ಸಡಿಲಿಸಬೇಡಿ. ಲೆವೆಲ್ 5ರಲ್ಲಿ ಎರಡು ಹೊಡೆತ ಬರುತ್ತದೆ, 2014ರ ಸ್ಮೈಟ್ ಎರಡಕ್ಕೂ ಹಾಕಬಹುದು. 2024ರ ನಿಯಮದಲ್ಲಿ ಸ್ಮೈಟನ್ನು ಬೋನಸ್ ಆಕ್ಷನ್ (ಸರದಿಗೆ ಒಂದೇ ಸಿಗುವ ಹೆಚ್ಚುವರಿ ಕೆಲಸ) ತಿನ್ನುವ ಮಂತ್ರ ಮಾಡಿದ್ದಾರೆ, ಹಾಗಾಗಿ ಅಲ್ಲಿ ಸರದಿಗೆ ಒಂದೇ.

ಇನ್ನೊಂದು: ಸೇವಿಂಗ್ ಥ್ರೋಗೆ (ಮಂತ್ರದಂಥ ಅಪಾಯದಿಂದ ಪಾರಾಗಲು ಉರುಳಿಸುವ ದಾಳಕ್ಕೆ) ಕೂಡಿಸುವ ವರ ಕೊಡುವ ಯೋಚನೆ ಇದ್ದರೆ ಬಿಡಿ. ಲೆವೆಲ್ 6ಕ್ಕೆ ಬರುವ ಆರಾ (ಪ್ಯಾಲಡಿನ್‌ನ ಸುತ್ತಲಿನ ರಕ್ಷಣೆ), ಸುತ್ತ 10 ಅಡಿಯೊಳಗಿನ ಜೊತೆಗಾರರಿಗೆಲ್ಲ ಕರಿಸ್ಮಾ ಕೂಡಿಸಿ ಕೊಡುತ್ತದೆ. ಇಬ್ಬರು ಪ್ಯಾಲಡಿನ್ ಇರುವ ಗುಂಪಿಗೆ ಅದರ ಮೇಲೆ ಇನ್ನೂ ಸೇರಿಸಿದರೆ ನಿಮ್ಮ ಮಂತ್ರವಾದಿ ಶತ್ರುಗಳಿಗೆ ಉದ್ಯೋಗ ಇಲ್ಲ.

ಕವಡೆ

ಪಯಸ್ವಿನಿಯವರ ಲೆಕ್ಕಕ್ಕೆ ನನ್ನದೂ ಕೈ. ಡಿ ಅಂಡ್ ಡಿಯದ್ದೇ 2020ರ ಥೆರೋಸ್ ಪುಸ್ತಕದಲ್ಲೂ ಪೈಟಿ (ಭಕ್ತಿ) ಅಂತ ಒಂದು ಅಂಕ ಉಂಟು: 1ರಿಂದ ಶುರು, 3, 10, 25, 50 ಮುಟ್ಟಿದಾಗ ಒಂದೊಂದು ವರ. ಅದು ಬರೀ ಏಣಿ, ಖರ್ಚಿನ ಚೀಲ ಅಲ್ಲ. ನಿಮ್ಮ ಮೊದಲ ತೊಂದರೆ ಅಲ್ಲಿ ಹುಟ್ಟದೇ ಇರುವುದು ಅದಕ್ಕೇ.

ನಾನು ಹೇಳುವುದು ಎರಡನೆಯ, ನಾಲ್ಕನೆಯ ತೊಂದರೆ ಬಗ್ಗೆ. ಎರಡರ ಬೇರೂ ಒಂದೇ: "ಒಳ್ಳೆಯ ಕೆಲಸ" ಅಂತ ಬರೆದದ್ದು. ಒಳ್ಳೆಯದು ಯಾವುದು ಅಂತ ಮೇಜಿನ ಸುತ್ತ ಐದು ಜನ ಐದು ಹೇಳ್ತಾರೆ. ಅದನ್ನು ಹೊಡೆದು ಹಾಕಿ. ಪ್ರತಿ ಪ್ಯಾಲಡಿನ್‌ಗೆ ಮೂರು ಕಟ್ಟಳೆ ಬರೆಸಿ. ಕಟ್ಟಳೆ ಹೇಗಿರಬೇಕೆಂದರೆ, ಮುರಿದಿತೋ ಇಲ್ಲವೋ ಅಂತ ಆಟ ಗೊತ್ತಿಲ್ಲದ ಪಕ್ಕದ ಮನೆಯವರೂ ನೋಡಿ ಹೇಳಬೇಕು. "ಧರ್ಮದಿಂದ ನಡೆಯುತ್ತೇನೆ" ಕಟ್ಟಳೆ ಅಲ್ಲ, ಭಾಷಣ. "ಆಯುಧ ಕೆಳಗಿಟ್ಟವನನ್ನು ಕೊಲ್ಲುವುದಿಲ್ಲ" ಕಟ್ಟಳೆ. "ಉಪ್ಪು ತಿಂದ ಮನೆಯವರ ಮೇಲೆ ಕತ್ತಿ ಎತ್ತುವುದಿಲ್ಲ" ಇನ್ನೂ ಒಳ್ಳೆಯ ಕಟ್ಟಳೆ, ಯಾಕೆಂದರೆ ಶತ್ರು ಊಟಕ್ಕೆ ಕರೆದರೆ ಆಟ ಅಲ್ಲೇ ಶುರು ಆಗ್ತದೆ. ಎರಡು ಮೂರು ಸೆಷನ್‌ಗೆ ಒಮ್ಮೆಯಾದರೂ ತಾಗದ ಕಟ್ಟಳೆಯನ್ನು ಬದಲಿಸಿ.

ಏರಲಿಕ್ಕೆ: ಕಟ್ಟಳೆ ಪಾಲಿಸಿದ್ದರಿಂದ ಏನಾದರೂ ಕಳಕೊಂಡರೆ ಮಾತ್ರ ಒಂದು ಗೀಟು. ಕಳಕೊಂಡದ್ದು ಅಂದರೆ ನಾಲ್ಕನೇ ಒಂದು ಎಚ್‌ಪಿ, ಅಥವಾ ಕೈಯಲ್ಲಿದ್ದ ಹಣದ ನಾಲ್ಕನೇ ಒಂದು, ಅಥವಾ ಹಿಡಿಯಲಿಕ್ಕಿದ್ದವ ತಪ್ಪಿಸಿಕೊಂಡದ್ದು. ತಾಮ್ರದ ನಾಣ್ಯಕ್ಕೆ ಏನೂ ಇಲ್ಲ. ಒಬ್ಬನಿಗೆ ಸೆಷನ್‌ಗೆ ಒಂದೇ ಗೀಟು. ನಿಷ್ಠೆ 3ರಿಂದ 4ಕ್ಕೆ ಹೋಗಲು 4 ಗೀಟು, 5ಕ್ಕೆ 5, 6ಕ್ಕೆ 6. ಎಲ್ಲ ಸೇರಿ 15. ಎರಡು ಸೆಷನ್‌ಗೆ ಒಂದು ಗೀಟು ಬಿದ್ದರೆ ನಿಮ್ಮ 25 ಸೆಷನ್‌ನಲ್ಲಿ 12, ಅಂದರೆ 5 ಮುಟ್ಟಿ 6ರ ಅರ್ಧ ದಾರಿ. 6 ಎಲ್ಲರಿಗೂ ಸಿಗುವುದಿಲ್ಲ, ಸಿಗಲೂಬಾರದು.

ಇಳಿಯಲಿಕ್ಕೆ: ಗೊತ್ತಿದ್ದು ಮುರಿದರೆ ನಿಷ್ಠೆ 1 ಕೆಳಗೆ. ಗೊತ್ತಿಲ್ಲದೆ ಆದದ್ದಕ್ಕೆ ಇಳಿಕೆ ಇಲ್ಲ, ತಪ್ಪು ಕಾಣಿಕೆ ಸಾಕು. ಮುಖ್ಯ ವಿಷಯ, ಡಿಎಂ (ಆಟ ನಡೆಸುವವ) ಎಚ್ಚರಿಕೆ ಕೊಡಬೇಕಾದ್ದು ದಾಳ ಉರುಳುವ ಮೊದಲು. "ಇದು ನಿಮ್ಮ ಎರಡನೇ ಕಟ್ಟಳೆಗೆ ತಾಗ್ತದೆ, ಮುಂದುವರಿಸ್ತೀರಾ?" ಅಷ್ಟು ಕೇಳಿದರೆ ಮುಗೀತು. ವರ್ಷಗಟ್ಟಲೆ ದೈವದ ಎದುರು ನಿಂತವನಿಗೆ ಅದು ಗೊತ್ತಿರ್ತದೆ, ಆಟಗಾರನಿಗೆ ಮರೆತಿರಬಹುದು. ಕೆಲಸ ಆದ ಮೇಲೆ "ದೈವ ಮುನಿಯಿತು" ಅಂತ ಹೇಳುವ ಡಿಎಂಗಳಿಂದಲೇ ಆ ಅರ್ಧ ಗಂಟೆಯ ಜಗಳ.

ಎಚ್ಚರಿಕೆ ಕೊಟ್ಟ ಮೇಲೂ ಸಂಶಯ ಉಳಿದರೆ ಮತ ಹಾಕಿಸಬೇಡಿ. ಮತ ಅಂದರೆ ಮೂವರು ಸೇರಿ ಒಬ್ಬನನ್ನು ಕೂರಿಸುವುದು. ನಮ್ಮಲ್ಲಿ ಸಂಶಯ ಬಂದರೆ ಏನು ಮಾಡ್ತಾರೆ? ಜೋಯಿಸರಲ್ಲಿ ಪ್ರಶ್ನೆ ಇಡ್ತಾರೆ. ಅಷ್ಟಮಂಗಲ ಪ್ರಶ್ನೆಯಲ್ಲಿ 108 ಕವಡೆಯನ್ನು ಮೂರು ರಾಶಿ ಮಾಡಿ, ಒಂದೊಂದನ್ನೂ ಎಂಟರಿಂದ ಭಾಗಿಸಿ ಶೇಷ ನೋಡುವುದು. ಆಟದ ಕಣ್ಣಿನಿಂದ ನೋಡಿದರೆ ಅದು ಮೂರು ಡಿ8. ಎಡದ್ದು ಹಿಂದಿನದ್ದು, ನಡುವಿನದ್ದು ಈಗಿನದ್ದು, ಬಲದ್ದು ಮುಂದಿನದ್ದು. ಡಿ8ರ ಮುಖಗಳಿಗೆ ಮನೆಯ ಆಯದ (ಮನೆಯ ಅಳತೆಗೆ ನೋಡುವ ವಾಸ್ತು ಲೆಕ್ಕದ) ಎಂಟು ಹೆಸರು ಕೊಡಿ: ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ. ಬೆಸ ಶುಭ, ಸರಿ ಅಶುಭ. ಹಿಂದಿನದ್ದು ಸರಿ ಬಂದರೆ ಹಳೆಯ ಹರಕೆ ಯಾವುದೋ ಬಾಕಿ. ಈಗಿನದ್ದು ಸರಿ ಬಂದರೆ ಕಟ್ಟಳೆ ಮುರಿದದ್ದು ಹೌದು. ಮುಂದಿನದ್ದು ಸರಿ ಬಂದರೆ ದೈವಕ್ಕೆ ಒಂದು ಕೆಲಸ ಆಗಬೇಕು. ಮೂರೂ ಬೆಸ ಬರುವುದು ಎಂಟರಲ್ಲಿ ಒಂದು ಸಲ, ಹಾಗಾಗಿ ಪ್ರಶ್ನೆ ಇಟ್ಟವ ಹೆಚ್ಚಾಗಿ ಏನಾದರೊಂದು ಹೊತ್ತುಕೊಂಡೇ ಏಳ್ತಾನೆ. ಸಣ್ಣಪುಟ್ಟದ್ದಕ್ಕೆ ಪ್ರಶ್ನೆ ಇಡುವ ಚಟ ತಾನಾಗಿ ಬಿಡ್ತದೆ.

ಮುರಕಲ್ಲು

ನಿಷ್ಠೆ ಬೇರೆ, ಕೃಪೆ ಬೇರೆ ಎಂಬುದು ಈಗ ತಲೆಗೆ ಹೋಯಿತು. ಆದರೆ ನಿಷ್ಠೆ 0 ಆದವನ ಗತಿ? ಕೃಪೆಯೂ 0 ಅಲ್ವಾ, ಪುನಃ ಅದೇ ಗುಂಡಿ. ಮತ್ತೆ, ಇಬ್ಬರ ಲೆಕ್ಕವನ್ನೂ ಕಾಗದದಲ್ಲಿ ಬರೆದು ಅಳಿಸಿ ಶೀಟ್ ತೂತಾಗುವ ಹಾಗಿದೆ. ಇದಕ್ಕೆ ಏನಾದರೂ ಉಪಾಯ?

ಮಂಜೊಟ್ಟಿ

ಕಾಗದ ಯಾಕೆ, ಅಟ್ಟದಲ್ಲಿ ಚೆನ್ನೆಮಣೆ (ಗುಳಿಗಳಿಗೆ ಬೀಜ ಹಾಕಿ ಆಡುವ ಮರದ ಮಣೆ) ಉಂಟಾ ನೋಡಿ. ಆಟಿ ತಿಂಗಳು ಕಳೆದ ಮೇಲೆ ಅದಕ್ಕೆ ಬೇರೆ ಕೆಲಸ ಇಲ್ಲ. ಒಂದು ಬದಿಗೆ ಏಳು ಗುಳಿ, ಆಚೆ ಬದಿಗೆ ಏಳು. ನಿಷ್ಠೆ 0ರಿಂದ 6 ಅಂದರೆ ಏಳು ಹಂತ, ಇಬ್ಬರು ಪ್ಯಾಲಡಿನ್‌ಗೆ ಎರಡು ಸಾಲು. ಹೇಳಿ ಮಾಡಿಸಿದ ಹಾಗೆ ಉಂಟು.

ಎಡದ ಗುಳಿ 0, ಬಲದ ತುದಿ 6. ಈಗಿನ ನಿಷ್ಠೆಯ ಗುಳಿಯಲ್ಲಿ ಅಷ್ಟೇ ಮಂಜೊಟ್ಟಿ (ಚೆನ್ನೆಯ ಕೆಂಪು ಬೀಜ) ಹಾಕಿ, ಅದೇ ಇವತ್ತಿನ ಕೃಪೆ. ಖರ್ಚಾದಾಗ ಬೀಜ ತೆಗೆದು ಮಣೆಯ ಹೊರಗಿಡಿ. ಗೀಟಿನ ಬದಲು ಮುಂದಿನ ಗುಳಿಗೆ ಒಂದೊಂದು ಅಡಿಕೆ ಚೂರು ಹಾಕುತ್ತಾ ಹೋಗಿ. 4ನೇ ಗುಳಿಯಲ್ಲಿ 4 ಚೂರು ತುಂಬಿದರೆ ಬೀಜಗಳೆಲ್ಲ ಅಲ್ಲಿಗೆ ದಾಟುತ್ತವೆ. ಕೆಂಪು ಬೀಜವನ್ನೂ ಅಡಿಕೆಯನ್ನೂ ದೀಪದ ಬೆಳಕಿನಲ್ಲೂ ಬೇರೆ ಮಾಡಬಹುದು. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಆಗ್ತದೆ, ಚಂದ ಇಲ್ಲ ಅಷ್ಟೆ. ನಾಲ್ಕು ಜನಕ್ಕೂ ಮಣೆ ಕಾಣುವುದರಿಂದ ಪ್ಯಾಲಡಿನ್‌ನ ಸ್ಥಿತಿ ಇಡೀ ಗುಂಪಿನ ಚಿಂತೆ ಆಗ್ತದೆ. ಶೀಟಿನ ಮೂಲೆಯಲ್ಲಿ ಬರೆದ ಅಂಕಿ ಆ ಕೆಲಸ ಮಾಡುವುದಿಲ್ಲ.

ಇನ್ನು 0. ಶಕ್ತಿ ಕಿತ್ತುಕೊಳ್ಳುವುದು ಬಹಳ ಹಳೆಯ ಚಾಳಿ. 1978ರ ಎಡಿ ಅಂಡ್ ಡಿಯಲ್ಲಿ (ಡಿ ಅಂಡ್ ಡಿಯ ಹಳೆಯ ಆವೃತ್ತಿ) ಪ್ಯಾಲಡಿನ್ ಗೊತ್ತಿದ್ದು ದುಷ್ಟ ಕೆಲಸ ಮಾಡಿದರೆ ಪದವಿ ಶಾಶ್ವತವಾಗಿ ಹೋಗ್ತಿತ್ತು, ಪ್ರಾಯಶ್ಚಿತ್ತವೂ ಇಲ್ಲ. ಕಾಗದದಲ್ಲಿ ಗಂಭೀರ, ಮೇಜಿನಲ್ಲಿ ಒಬ್ಬ ಆಟಗಾರ ಮಂತ್ರ ಇಲ್ಲದ ಫೈಟರ್ ಆಗಿ ಸೆಷನ್‌ಗಟ್ಟಲೆ ಕೂರುವುದು. ಶಕ್ತಿ ಇಲ್ಲದವನಿಗೆ ಕಳಕೊಳ್ಳಲಿಕ್ಕೂ ಏನೂ ಇಲ್ಲ, ಹಾಗಾಗಿ ಗೀಟೂ ಬೀಳುವುದಿಲ್ಲ. ನಿಮ್ಮ ಗುಂಡಿ ಅದೇ.

ಕಿತ್ತುಕೊಳ್ಳಬೇಡಿ, ಕಡ ಕೊಡಿ. ಸ್ಮೈಟ್, ಲೇ ಆನ್ ಹ್ಯಾಂಡ್ಸ್ ಯಾವತ್ತೂ ಮುಟ್ಟಬೇಡಿ, ಅದು ಅವನ ಕಸುಬು. ಕೃಪೆ ಮುಗಿದ ಯಾರೇ ಆಗಲಿ, ನಿಷ್ಠೆ 0 ಇದ್ದವನೂ ಸೇರಿ, ದೈವದಿಂದ 3ರ ತನಕ ಕಡ ತೆಗೆಯಬಹುದು. ಪ್ರತಿ ಕಡಕ್ಕೆ ಒಂದು ಕಪ್ಪು ಬೀಜ ಮಣೆಯ ಅಂಚಿಗೆ ಇಟ್ಟು ಡಿ6 ಉರುಳಿಸಿ. ಬಿದ್ದದ್ದು ಈಗಿರುವ ಕಪ್ಪು ಬೀಜದಷ್ಟು ಅಥವಾ ಕಡಿಮೆಯಾದರೆ ದೈವ ಅಲ್ಲೇ, ಆ ಸರದಿ ಮುಗಿಯುವಾಗಲೇ ಬಾಕಿ ಕೇಳುತ್ತದೆ. ಮೊದಲ ಕಡಕ್ಕೆ ಆರರಲ್ಲಿ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಮೂರನ್ನೂ ಸದ್ದಿಲ್ಲದೆ ದಾಟುವುದು 216ರಲ್ಲಿ 60 ಸಲ, ಅಂದರೆ 100ರಲ್ಲಿ 72 ಸಲ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದಾಗ ಕೇಳುವುದು ಹಣ ಅಲ್ಲ: "ಅವನನ್ನು ಬಿಟ್ಟುಬಿಡು", "ಆ ಕತ್ತಿ ಇಲ್ಲೇ ಇಟ್ಟು ಹೋಗು", ಇಂಥದ್ದು. ಮಾಡಿದರೆ ಕಪ್ಪು ಬೀಜ ಎಲ್ಲ ಮಾಫಿ, ಜೊತೆಗೆ ಒಂದು ಅಡಿಕೆ ಚೂರು. 0ಯಿಂದ 1ಕ್ಕೆ ಒಂದೇ ಚೂರು ಬೇಕಾದ್ದರಿಂದ ಅವ ಅಲ್ಲೇ ಎದ್ದ. ಮಾಡದಿದ್ದರೆ ಕಪ್ಪು ಬೀಜ ಉಳಿಯುತ್ತದೆ, ತೀರುವ ತನಕ ಹೊಸ ಕಡ ಇಲ್ಲ.

ದೈವ ಕೇಳುವ ಆರೇಳು ಬೇಡಿಕೆಗಳನ್ನು ಚೀಟಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಜಗಳದ ನಡುವೆ ಯೋಚಿಸ್ತೇನೆ ಅಂತ ಹೊರಟರೆ ಡಿಎಂ ಬಾಯಿಂದ ಬರುವುದು "ಹತ್ತು ಚಿನ್ನದ ನಾಣ್ಯ" ಮಾತ್ರ.

ಸುರಂಗದ ನೀರು

ಮುರಕಲ್ಲು ಅವರೇ, ಯಾವ ದೈವಗಳನ್ನು ಇಟ್ಟಿದ್ದೀರಿ ಅಂತ ಬರೆದಿಲ್ಲ. ಊರಿನ ನಿಜವಾದ ದೈವದ ಹೆಸರು ಇದ್ದರೆ ಇವತ್ತೇ ತೆಗೆಯಿರಿ. ಹೆದರಿಸುವುದಲ್ಲ. ನಾಳೆ ಅದೇ ದೈವದ ಕೋಲದಲ್ಲಿ ಕೈಮುಗಿದು ನಿಲ್ಲುವವರು ನಿಮ್ಮ ಮೇಜಿನಲ್ಲೇ ಇರಬಹುದು, ಅದಕ್ಕೆ 1ಡಿ8 ಅಂತ ಬರೆದರೆ ಯಾರಿಗೂ ಚಂದ ಅಲ್ಲ. ಹೆಸರು ಹೊಸದು ಮಾಡಿ, ಸ್ವಭಾವ ನೆಲದಿಂದ ತೆಗೆಯಿರಿ.

ನೆಲದಿಂದ ತೆಗೆಯುವುದು ಅಂದರೆ ಹೀಗೆ. ದೈವಕ್ಕೆ ಒಂದು ಜಾಗ, ಜಾಗಕ್ಕೆ ಒಂದು ಗಡಿ. ಕುಂಬಳೆ ಸೀಮೆಗೆ "ಅಡೂರು ಮಧೂರು ಕಾವು ಕಣ್ಯಾರ" ಅಂತ ನಾಲ್ಕು ದೇವಸ್ಥಾನ ಹೇಳುವ ಹಾಗೆ, ನಿಮ್ಮ ಸೀಮೆಯ ನಕ್ಷೆಯಲ್ಲೂ ಪ್ರತಿ ದೈವಕ್ಕೆ ನಾಲ್ಕು ಸ್ಥಾನ ಗುರುತಿಸಿ. ಸೀಮೆಯ ಒಳಗೆ ಸಂಜೆಗೆ ಕೃಪೆ ಪೂರ್ತಿ ತುಂಬಲಿ. ಹೊಳೆ ದಾಟಿ ಆಚೆ ಹೋದರೆ ಅರ್ಧ, ಮೇಲಿನ ಅಂಕಿಗೆ ಸರಿಮಾಡಿ. ಇದೊಂದರಿಂದ ಹೊಳೆ ದಾಟುವುದೇ ಒಂದು ನಿರ್ಧಾರ ಆಗ್ತದೆ. ಇದು ಕೈಕೊಡುವುದು ಯಾವಾಗ ಅಂದರೆ, ಕ್ಯಾಂಪೇನ್ ಪೂರ್ತಿ ಹೊಳೆಯಾಚೆಗೇ ಹೋದಾಗ. ಆಗ ಪ್ಯಾಲಡಿನ್ ಖಾಯಂ ಅರ್ಧ ಬಲದವ. ಅದಕ್ಕೆ ಮುಡಿಪು: ಹೊರಡುವ ಮೊದಲು ಸ್ಥಾನದಲ್ಲಿ ಒಂದು ಹರಕೆ ಹೇಳಿ ಬಟ್ಟೆಯಲ್ಲಿ ನಾಣ್ಯ ಕಟ್ಟಿಕೊಂಡರೆ 7 ದಿನ ಪೂರ್ತಿ ಕೃಪೆ. ಹಿಂದೆ ಬಂದು ಒಪ್ಪಿಸದಿದ್ದರೆ ಒಂದು ಕಪ್ಪು ಬೀಜ.

ಅಳತೆಯ ಬಗ್ಗೆ ಒಂದು ತಮಾಷೆ: ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆಯುವ ಬಾವಿ) ತೋಡುವವರ ಅಳತೆಯ ಕೋಲು ಸುಮಾರು ಎರಡೂವರೆ ಅಡಿ. ಗ್ರಿಡ್‌ನ 5 ಅಡಿಯ ಚೌಕ ಸರಿಯಾಗಿ ಎರಡು ಕೋಲು, 30 ಅಡಿಯ ನಡಿಗೆ 12 ಕೋಲು. ನಿಮ್ಮ ಲೋಕದವರು ಅಡಿ ಅನ್ನುವುದೇ ಬೇಡ.

ಆವೇಶದ ನಿಯಮ ಹಾಕುವ ಆಸೆ ಎಲ್ಲರಿಗೂ ಬರ್ತದೆ, ಎಲ್ಲರೂ ಅದನ್ನು ಬಾರ್ಬೇರಿಯನ್‌ನ ರೇಜ್ (ಸಿಟ್ಟಿನಲ್ಲಿ ಏಟು ಹೆಚ್ಚಾಗುವುದು) ಮಾಡಿಡ್ತಾರೆ. ಕೋಲದಲ್ಲಿ ಜನ ಕಾಯುವುದು ಕುಣಿತಕ್ಕೆ ಮಾತ್ರ ಅಲ್ಲ, ನುಡಿಗೆ. ಹಾಗಾಗಿ ಏಟು ಕೂಡಿಸಬೇಡಿ. 3 ಕೃಪೆ, ದಿನಕ್ಕೆ ಒಮ್ಮೆ: ಡಿಎಂ ಒಂದು ಚೀಟಿ ಕೊಡ್ತಾನೆ, ಆಟಗಾರ ಅದನ್ನು ದೈವದ ಮಾತಾಗಿ ಆಡ್ತಾನೆ. 12 ಕೋಲಿನೊಳಗೆ ಕೇಳಿದವರು ವಿಸ್ಡಮ್ ಸೇವ್ ತಪ್ಪಿದರೆ ಒಂದು ಸರದಿ ಆಯುಧ ಎತ್ತುವ ಹಾಗಿಲ್ಲ. ಹೇಳಿದ ಮಾತು ಪ್ಯಾಲಡಿನ್‌ಗೂ ಕಟ್ಟು.

ಮುರಕಲ್ಲು

ನಿಜವಾದ ಹೆಸರು ಒಂದು ಇತ್ತು, ತೆಗೆದೆ. ಎಲ್ಲ ಸೇರಿಸಿ ಮೊದಲ ದೈವ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ.

ಹೆಸರು: ಒರತೆಯಮ್ಮ. ಪದವಿನ ಸುರಂಗಗಳ ನೀರು ಕಾಯುವವಳು. ಸ್ಥಾನ ನಾಲ್ಕು, ಎಲ್ಲವೂ ಸುರಂಗದ ಬಾಯಿಯಲ್ಲಿ.
ಕಟ್ಟಳೆ 1: ನೀರು ಕೇಳಿದವರಿಗೆ, ಶತ್ರುವಾದರೂ, ಇಲ್ಲ ಅನ್ನಬಾರದು.
ಕಟ್ಟಳೆ 2: ಸುರಂಗದ ಒಳಗೆ ರಕ್ತ ಬೀಳಿಸಬಾರದು.
ಕಟ್ಟಳೆ 3: ಸೂರ್ಯ ಮುಳುಗಿದ ಮೇಲೆ ಹೊಳೆ ದಾಟಬಾರದು.
1 ಕೃಪೆ: ಏಟಿಗೆ 1ಡಿ8, ಅಥವಾ ಬೊಗಸೆ ನೀರಿನಿಂದ 5 ಎಚ್‌ಪಿ. 2 ಕೃಪೆ: ಒಂದು ಗಂಟೆ 24 ಕೋಲು ದೂರ ಕತ್ತಲಲ್ಲಿ ಕಣ್ಣು ಕಾಣುತ್ತದೆ. 3 ಕೃಪೆ: ನುಡಿ.
ಬಾಕಿ ಕೇಳುವ ಚೀಟಿ: ಇದ್ದ ನೀರೆಲ್ಲ ನೆಲಕ್ಕೆ ಚೆಲ್ಲು, ಬಾಯಾರಿದ ಶತ್ರುವಿಗೆ ಕುಡಿಸು, ಈ ಸುರಂಗದಿಂದ ಬರಿಗೈಯಲ್ಲಿ ಹೊರಗೆ ಹೋಗು.

ಕವಡೆ

ಒಂದನೆಯದೂ ಎರಡನೆಯದೂ ಒಳ್ಳೆಯದುಂಟು. ಗಾಯವಾದ ಶತ್ರು ಸುರಂಗದ ಒಳಗೆ ಓಡಿ ಕೂತು "ನೀರು" ಅಂದರೆ ಎರಡೂ ಒಟ್ಟಿಗೆ ತಾಗ್ತದೆ. ಆದರೆ ಒಂದು ಪಾಲಿಸಿದರೆ ಇನ್ನೊಂದು ಮುರಿಯುವುದಿಲ್ಲ, ಆ ಎಚ್ಚರ ಇರಲಿ. ಏನು ಮಾಡಿದರೂ ತಪ್ಪು ಎಂಬ ಸಂದಿಯಲ್ಲಿ ಸಿಕ್ಕಿಸಿದರೆ ಆಟಗಾರ ಮುಂದಿನ ಸಲ ಕಟ್ಟಳೆಯನ್ನೇ ಗಣ್ಯ ಮಾಡಲಿಕ್ಕಿಲ್ಲ.

ಮೂರನೆಯದು ಬದಲಿಸಿ. ಗುಂಪು ಸಂಜೆಗೆ ಬಿಡಾರ ಹೂಡುವುದು ಹೇಗೂ ಅಭ್ಯಾಸ, 25 ಸೆಷನ್‌ನಲ್ಲಿ ಒಮ್ಮೆ ತಾಗಿದರೆ ಹೆಚ್ಚು. "ಒರತೆಗೆ ಬೀಗ ಹಾಕಿದವನ ಮನೆಯಲ್ಲಿ ಉಣ್ಣಬಾರದು" ಅಂತ ಮಾಡಿ. ನಿಮ್ಮ ಸಮುದ್ರ ಬದಿಯ ಕೋಟೆಯವ ಒಬ್ಬ ಇದ್ದಾನಲ್ಲ, ಅವನ ಬಾವಿಗೆ ಕಾವಲು ಇಟ್ಟರೆ ಸಾಕು.

ಮಂಜೊಟ್ಟಿ

2 ಕೃಪೆಯ ಕತ್ತಲ ಕಣ್ಣು ಯಾರಿಗೆ? ಇಬ್ಬರು ಪ್ಯಾಲಡಿನ್‌ಗಳಲ್ಲಿ ಒಬ್ಬ ಎಲ್ಫ್ ಅಥವಾ ಡ್ವಾರ್ಫ್ ಆಗಿದ್ದರೆ ಅವನಿಗೆ 60 ಅಡಿ, ಅಂದರೆ ಆ 24 ಕೋಲು, ಹುಟ್ಟಿನಿಂದಲೇ ಉಂಟು. ಆ ವರ ಅವನಿಗೆ ದಂಡ. "ತಾನು ಮುಟ್ಟಿದ ಇನ್ನೊಬ್ಬರಿಗೆ" ಅಂತ ಒಂದು ಮಾತು ಸೇರಿಸಿಬಿಡಿ.